ನಾರ್ಮಲ್ ಎಂಬ ಮುದ್ರೆ

ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು "ಡಾಕ್ಟ್ರು ಯಾವುದರಲ್ಲಿ ಸ್ಪೆಷಲಿಸ್ಟು?" ಎಂದು ಕೇಳಿದರೆ ನಾನು ಮೊದಲು ಅವರ ಎಲೆ ನೋಡುತ್ತೇನೆ. ಪಾಯಸ ಮುಗಿದಿದ್ದರೆ ನಿಜ ಹೇಳುತ್ತೇನೆ. ಇನ್ನೂ ಬಡಿಸುತ್ತಿದ್ದರೆ "ಜನರಲ್ ಸರ್ಜರಿ" ಎಂದು ಹೇಳಿ ಹಪ್ಪಳ ಮುರಿಯುತ್ತೇನೆ. ನನ್ನ ಭಾವಮೈದನಿಗೆ ಅಷ್ಟೂ ತಾಳ್ಮೆ ಇಲ್ಲ. ಅವನು ಬೀಗರ ಕಡೆಯವರಿಗೆಲ್ಲ ನನ್ನನ್ನು ಹಾರ್ಟ್ ಡಾಕ್ಟರೆಂದೇ ಪರಿಚಯ ಮಾಡಿಸಿಕೊಂಡು ಬಂದಿದ್ದಾನೆ. ಅವನ ಮಗಳ ಆರತಕ್ಷತೆಯಲ್ಲಿ ಒಬ್ಬ ಮುದುಕರು ನನ್ನ ಕೈ ಹಿಡಿದು ಎದೆ ಮುಟ್ಟಿಸಿಕೊಂಡು "ಹೇಗಿದೆ ನೋಡಿ" ಅಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಈಗ ನಿವೃತ್ತನಾಗಿದ್ದೇನೆ, ಯಾರ ಎಲೆಯೂ ಮುಂದಿಲ್ಲ. ಹೊಸದಾಗಿ ಚಾಕು ಹಿಡಿಯುತ್ತಿರುವ ಹುಡುಗ ಹುಡುಗಿಯರು ಕೇಳಲಿ ಎಂದು ನೇರವಾಗಿಯೇ ಬರೆಯುತ್ತೇನೆ. ನಾನು ಗುದನಾಳದ ಹಿಂದೆ ಬೆಳೆಯುವ ಅಪರೂಪದ ಗಡ್ಡೆಗಳನ್ನು ಹುಡುಕಿ ತೆಗೆದವನು. ಹುಡುಕುವ ಮೊದಲು ಒಂದನ್ನು ಮೂರು ಸಲ ಕಾಣದೆ ಬಿಟ್ಟವನು. ನಿಮಗೆ ಉಪಯೋಗವಾಗುವುದು ಆ ಎರಡನೆಯ ಮಾತು.

ಗುದನಾಳದ ಹಿಂದೆ, ಬಾಲದ ಮೂಳೆಯ ಮುಂದೆ, ಅಂಗೈಯಷ್ಟು ಜಾಗವಿದೆ. ಮನೆ ಕಟ್ಟಿದ ಮೇಸ್ತ್ರಿ ಉಳಿದ ಜಲ್ಲಿ ಮರಳನ್ನು ಹಿತ್ತಲಿಗೆ ತಳ್ಳುವ ಹಾಗೆ, ದೇಹ ಕಟ್ಟುವಾಗ ಉಳಿದ ಚೂರುಪಾರೆಲ್ಲ ಅಲ್ಲಿಗೆ ಸೇರುತ್ತದೆ. ತಾಯಿಯ ಹೊಟ್ಟೆಯಲ್ಲಿದ್ದಾಗ ನಮಗೆಲ್ಲ ಒಂದು ಪುಟ್ಟ ಬಾಲ ಇರುತ್ತದೆ, ಕರುಳಿನ ಒಂದು ತುದಿ ಅದರೊಳಗೂ ಹೋಗಿರುತ್ತದೆ. ಹುಟ್ಟುವ ಹೊತ್ತಿಗೆ ಎರಡೂ ಕರಗಬೇಕು. ಕರಗದೆ ಉಳಿದ ಚೂರು ಚೀಲ ಕಟ್ಟಿಕೊಂಡು, ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ, ಹೆಚ್ಚಾಗಿ ಹೆಂಗಸರಲ್ಲಿ. ಬಹುಪಾಲು ಸಾಧುವಾದವು, ಕೆಲವು ಕ್ಯಾನ್ಸರ್. ರಿಟೈರ್ ಆಗುವವರೆಗೂ ಒಂದನ್ನೂ ನೋಡಲಿಲ್ಲ ಎನ್ನುವ ಸರ್ಜನ್ನರು ಬೇಕಾದಷ್ಟಿದ್ದಾರೆ. ಬರಲಿಲ್ಲ ಎಂದಲ್ಲ, ಅವರು ನೋಡಲಿಲ್ಲ.

ನಾನು ಕೆಲಸ ಮಾಡಿದ್ದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕರಲ್ಲಿ ಒಂದು ಊರಿನ ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಯಾವುದು ಎಂದು ಹೇಳುವುದಿಲ್ಲ, ಆ ಊರಿನವರು ನೆಮ್ಮದಿಯಾಗಿರಲಿ. ಅದರ ಯಜಮಾನರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಐದಡಿ ಎರಡಂಗುಲದ ಮನುಷ್ಯ. ಬೈಯಬೇಕಾದಾಗ ಸ್ಟೂಲು ಹತ್ತಿ ನಿಂತು ಬೈಯುತ್ತಿದ್ದರು, ಆಪರೇಷನ್ ಥಿಯೇಟರಿನಲ್ಲಿ ಹೇಗೂ ಅದರ ಮೇಲೆಯೇ ನಿಂತಿರುತ್ತಿದ್ದರು. ಎಂಥ ರೋಗಿ ಬಂದರೂ ಅವರದೊಂದೇ ಪ್ರಶ್ನೆ: "ಕೆಳಗಿಂದ ಬೆರಳು ಹಾಕಿ ನೋಡಿದ್ಯೇನಯ್ಯಾ?" ಕಾಲು ಉಳುಕಿ ಬಂದವನ ಬಗ್ಗೆಯೂ ಹೀಗೆ ಕೇಳಿದ್ದನ್ನು ನಾನು ಕೇಳಿದ್ದೇನೆ.

ಬೆಳಗ್ಗೆ ಎಂಟಕ್ಕೆ ಶುರುವಾದರೆ ಮಧ್ಯಾಹ್ನದ ಊಟಕ್ಕೂ ಏಳಲಾಗದಷ್ಟು ಜನ. ಪ್ರತಿ ಕೇಸ್ ಶೀಟಿನಲ್ಲೂ ಎದೆ, ಹೊಟ್ಟೆ, ಗುದಪರೀಕ್ಷೆ ಎಂದು ಸಾಲಾಗಿ ಬರೆದು ಕೈ ಬಿದ್ದುಹೋಗುತ್ತಿತ್ತು. ಆಗ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹತ್ತಿರ ರಬ್ಬರ್ ಸ್ಟಾಂಪ್ ಮಾಡುವವನಿಗೆ ಹೇಳಿ ಒಂದು ಚೆಂದದ ಮುದ್ರೆ ಮಾಡಿಸಿದೆ. ಅದರಲ್ಲಿ ಐದು ಸಾಲು, ಪ್ರತಿ ಸಾಲಿನ ಕೊನೆಗೂ "ನಾರ್ಮಲ್". ಒಂದು ಸಲ ಒತ್ತಿದರೆ ರೋಗಿ ತಲೆಯಿಂದ ಬಾಲದ ಮೂಳೆಯವರೆಗೆ ನಾರ್ಮಲ್. ಏನಾದರೂ ಸಿಕ್ಕರೆ ಆ ಸಾಲನ್ನು ಹೊಡೆದುಹಾಕಿ ಬರೆದರಾಯಿತು. ನಮ್ಮ ಹೆಡ್ ನರ್ಸ್ ಸರೋಜಮ್ಮ ಸಿಸ್ಟರ್ ಬಿಡುವಿದ್ದಾಗ ಐವತ್ತು ಹಾಳೆಗಳಿಗೆ ಮುಂಚೆಯೇ ಮುದ್ರೆ ಒತ್ತಿ ಇಡುತ್ತಿದ್ದರು. ಅಂದರೆ ಕಾಯಿಲೆಯವರು ಇನ್ನೂ ಬಸ್ಸಿನಲ್ಲಿರುವಾಗಲೇ ನಮ್ಮಲ್ಲಿ ಅವರ ಪರೀಕ್ಷೆ ಮುಗಿದಿರುತ್ತಿತ್ತು.

ಈ ಮುದ್ರೆಯ ಮೊದಲ ಪವಾಡ ವಿದುರಾಶ್ವತ್ಥದ ಕಡೆಯ ಒಬ್ಬ ಮೇಷ್ಟ್ರ ಮೇಲೆ ನಡೆಯಿತು. ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಹೋಗಿದ್ದರು. ತಿಂಗಳಾದ ಮೇಲೆ ವಿಮೆಯವರ ಪತ್ರ ಹಿಡಿದು ಬಂದು, ಬಾಗಿಲು ಹಾಕಿ, ಕನ್ನಡಕ ಒರೆಸಿಕೊಂಡು ಕೂತರು.

"ಸಾರ್, ನಿಮ್ಮ ಶೀಟಲ್ಲಿ ನನ್ನ ಗರ್ಭಕೋಶ ನಾರ್ಮಲ್ ಅಂತ ಇದೆಯಂತೆ. ಅವರು ವಿವರ ಕೇಳ್ತಿದಾರೆ."

"ಅದು ಅಚಾತುರ್ಯ ಮೇಷ್ಟ್ರೇ..."

"ಇರ್ಲಿ ಸಾರ್, ನಾರ್ಮಲ್ ಅಂತ ಬರೆದಿದೀರಲ್ಲ, ಅಷ್ಟು ಸಾಕು. ಏನಾದ್ರೂ ತೊಂದ್ರೆ ಅಂದಿದ್ರೆ ಮನೇಲಿ ಹೇಗಪ್ಪಾ ಹೇಳೋದು ಅಂತ ಯೋಚ್ನೆ ಆಗಿತ್ತು."

ಅವತ್ತೇ ಆ ಮುದ್ರೆಯನ್ನು ಒಲೆಗೆ ಹಾಕಬೇಕಿತ್ತು. ನಾನು ಮಾಡಿದ್ದು ಏನು ಗೊತ್ತೆ? ಬ್ಲೇಡಿನಿಂದ ಗರ್ಭಕೋಶದ ಸಾಲನ್ನು ಮಾತ್ರ ಕೆತ್ತಿ ತೆಗೆದೆ. ಉಳಿದ ನಾಲ್ಕು ಸಾಲು ಹಾಗೇ ಇದ್ದವು.

ಮುನಿರತ್ನಮ್ಮ ಬಂದದ್ದು ಅದೇ ಕಾಲದಲ್ಲಿ. ಶಿಡ್ಲಘಟ್ಟದವರು, ನಲವತ್ತರ ಆಸುಪಾಸು. ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಗಂಡ ನಂಜುಂಡಪ್ಪ ಬಾಯ್ಲರು, ಸೌದೆ, ಕರೆಂಟು ನೋಡಿಕೊಂಡರೆ, ಮಾರ್ಕೆಟ್ಟಿಗೆ ಹೋಗಿ ಗೂಡು ಆರಿಸುವುದು, ಚರಕದ ಮುಂದೆ ಕೂತು ನೂಲು ತೆಗೆಯುವುದು ಈಕೆ. ಬಾಲದ ಮೂಳೆಯ ಪಕ್ಕ ಒಂದು ಕುರು ಎದ್ದಿತ್ತು. ನಾನು ಕೊಯ್ದೆ, ಕೀವು ತೆಗೆದೆ, ಬ್ಯಾಂಡೇಜು ಹಾಕಿ ಕಳಿಸಿದೆ. ಶೀಟಿನ ಮೇಲೆ ಮುದ್ರೆ ಮೊದಲೇ ಇತ್ತು. ಆರು ತಿಂಗಳಿಗೆ ಮತ್ತೆ ಬಂದರು, ಮತ್ತೆ ಕೊಯ್ದೆ. ಇನ್ನೊಂದು ವರ್ಷಕ್ಕೆ ಮೂರನೆಯ ಸಲ ಬಂದಾಗ ಇದು ಭಗಂದರವೇ, ಅಂದರೆ ಫಿಸ್ಟುಲಾ, ಇರಬೇಕು ಎಂದು ಇನ್ನೂ ಸ್ವಲ್ಪ ಆಳಕ್ಕೆ ಕೊಯ್ದೆ. ಮೂರು ಶೀಟಿನಲ್ಲೂ ಗುದಪರೀಕ್ಷೆ ನಾರ್ಮಲ್.

"ಸಾರ್, ಆಯಮ್ಮ ಕೂತ್ಕಳ್ಳೋದೇ ಇಲ್ಲ," ಎಂದು ಸರೋಜಮ್ಮ ಒಂದು ದಿನ ಹೇಳಿದರು. "ಎರಡು ಗಂಟೆಯಿಂದ ಕಂಬಕ್ಕೆ ಒರಗಿ ನಿಂತವ್ರೆ. ಸ್ಟೂಲು ಕೊಟ್ರೂ ಬೇಡ ಅಂತಾರೆ."

"ಗೂಡಿನ ಮಾರ್ಕೆಟ್ಟಲ್ಲಿ ನಿಂತೂ ನಿಂತೂ ಅಭ್ಯಾಸ ಆಗಿರತ್ತೆ ಬಿಡಿ," ಅಂದೆ. ದಿನವೆಲ್ಲ ಚರಕದ ಮುಂದೆ ಕೂತೇ ದುಡಿಯುವವರ ಬಗ್ಗೆ ಹೇಳಿದ ಮಾತಿದು. ನನ್ನ ದಡ್ಡತನಕ್ಕೆ ಆಗ ಅಷ್ಟು ಆತ್ಮವಿಶ್ವಾಸ ಇತ್ತು.

ಅದಾಗಿ ಸ್ವಲ್ಪ ದಿನಕ್ಕೆ ಸಾದಲಿಯಲ್ಲಿ ಒಬ್ಬರನ್ನು ನೋಡಿಕೊಂಡು ವಾಪಸು ಬರುತ್ತಿದ್ದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಮುಂದೆ ಗಾಡಿಗಳು ಸಿಕ್ಕಿಹಾಕಿಕೊಂಡು ದಾರಿಯೇ ಇಲ್ಲ. ಕಾರು ಬಿಟ್ಟು ಸುಮ್ಮನೆ ಒಳಗೆ ಹೋದೆ. ಉದ್ದಕ್ಕೂ ಜಾಲರಿಗಳಲ್ಲಿ ಗೂಡು ಸುರಿದಿದ್ದಾರೆ, ಆ ಹಸಿ ವಾಸನೆ, ಜನರ ಗಲಾಟೆ. ನಡುವೆ ಮುನಿರತ್ನಮ್ಮ ಒಂದು ಜಾಲರಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ, ಅಡಿಯಿಂದ ಒಂದು ಹಿಡಿ ಗೂಡು ಎತ್ತಿ, ಒಂದೊಂದಾಗಿ ಹಿಚುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಾರೆ.

"ಮೇಲ್ಗಡೆ ಎಲ್ಲ ಚೆನ್ನಾಗೇ ಕಾಣತ್ತಲ್ಲಮ್ಮ," ಅಂದೆ, ಮಾತಿಗೆ.

"ಮೇಲ್ಗಡೆ ಎಲ್ರೂ ಚೆನ್ನಾಗಿರೋದ್ನೇ ಇಡ್ತಾರೆ ಡಾಕ್ಟ್ರೇ. ಅಡೀಗೆ ಕೈ ಹಾಕ್ದಲೇ ರೇಟು ಬರ್ಯೋಕೆ ನಂಗೇನು ತಲೆ ಕೆಟ್ಟಿದ್ಯಾ?" ಕೈ ಕೊಡವಿಕೊಂಡು ನನ್ನನ್ನೇ ನೋಡಿದರು. "ಅದ್ಸರಿ, ನೀವು ಮೂರು ಸಲ ಕುಯ್ದ್ರಲ್ಲ, ನಂಗೆ ಒಳಗಡೆ ನೋಡಿದ್ರಾ?"

"ನೋಡಿದೀನಮ್ಮ. ಶೀಟಲ್ಲೇ ಇದೆಯಲ್ಲ, ನಾರ್ಮಲ್ ಅಂತ."

"ನೋಡಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

ಪಕ್ಕದಲ್ಲಿದ್ದ ಇಬ್ಬರು ರೀಲರುಗಳು, ಅವರೂ ನೂಲು ತೆಗೆಯುವವರೇ, ನಕ್ಕರು. ಏನು ವಿಷಯವೆಂದು ಅವರಿಗೆ ಗೊತ್ತಿರಲಿಲ್ಲ, ನನ್ನ ಮುಖ ನೋಡಿಯೇ ನಕ್ಕಿರಬೇಕು. "ನಾಳೆ ಬನ್ನಿ," ಎಂದು ಹೇಳಿ ಕಾರಿನ ಕಡೆ ಓಡಿದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಮಾರನೆಯ ದಿನ ಸರೋಜಮ್ಮ ಸಿಸ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪರದೆ ಎಳೆದು, ಎಡಮಗ್ಗುಲಿಗೆ ಮಲಗಿಸಿ, ಕೈಗೆ ಗ್ಲೌಸು ಹಾಕಿದೆ. ಅರ್ಧ ನಿಮಿಷದ ಕೆಲಸ. ಬೆರಳು ಒಳಗೆ ಹೋಗಿ ಹಿಂದಕ್ಕೆ ತಿರುಗಿದ್ದೇ ತಡ, ಗೋಡೆಯಾಚೆ ಒಂದು ಗಡ್ಡೆ. ನುಣ್ಣಗೆ, ಉಬ್ಬಿಕೊಂಡು, ದೊಡ್ಡ ನಿಂಬೆಹಣ್ಣಿನಷ್ಟು. ಎರಡು ವರ್ಷದಿಂದ ಅಲ್ಲೇ ಇತ್ತು. ನನ್ನ ಬೆರಳಿಗೂ ಅದಕ್ಕೂ ನಡುವೆ ಇದ್ದದ್ದು ನಾಲ್ಕು ಸಾಲಿನ ಒಂದು ರಬ್ಬರ್ ತುಂಡು.

ದೊಡ್ಡ ಡಾಕ್ಟರನ್ನು ಕರೆದೆ. ಅವರೂ ಪರೀಕ್ಷೆ ಮಾಡಿ, ಕೈ ತೊಳೆದು, ಮೂರು ಶೀಟುಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿದರು. "ಆ ಮುದ್ರೆ ತಗೊಂಡ್ಬಾ," ಅಂದರು. ತಂದುಕೊಟ್ಟೆ. ಒಡೆದುಹಾಕುತ್ತಾರೆ ಅಂದುಕೊಂಡೆ. ಅವರು ನಿಧಾನವಾಗಿ ಇಂಕಿನ ಪ್ಯಾಡಿಗೆ ಒತ್ತಿ, ನನ್ನ ಬಲಗೈ ಹಿಡಿದು ತಿರುಗಿಸಿ, ಅಂಗೈಯ ಹಿಂಭಾಗಕ್ಕೆ ಧಡ್ಡೆಂದು ಒಂದು ಮುದ್ರೆ ಒತ್ತಿದರು. ಆಮೇಲೆ ಮುದ್ರೆಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಹೋದರು. ಆ ನೇರಳೆ ಇಂಕು ಮೂರು ದಿನ ಹೋಗಲಿಲ್ಲ. ಮನೆಯಲ್ಲಿ ಹೆಂಡತಿ ಓದಿ, "ಗುದಪರೀಕ್ಷೆ ನಾರ್ಮಲ್ ಅಂತ ಕೈ ಮೇಲೆ ಯಾಕ್ರೀ ಬರ್ಕೊಂಡಿದೀರಾ? ಹೊರಗಡೆ ಗೊತ್ತಾಗ್ಲಿ ಅಂತಾನಾ?" ಅಂದಳು.

ಇಷ್ಟಾದರೂ ನನ್ನ ಆತುರ ಹೋಗಲಿಲ್ಲ. ಸೂಜಿ ಚುಚ್ಚಿ ಒಳಗೇನಿದೆ ನೋಡೋಣ ಎಂದು ಸಿರಿಂಜು ಕೈಗೆತ್ತಿಕೊಂಡೆ. ದೊಡ್ಡ ಡಾಕ್ಟರು ಕೈಮೇಲೆ ಒಂದು ಏಟು ಹಾಕಿದರು.

"ಬೆನ್ನುಹುರಿಯ ನೀರಿನ ಚೀಲ ಅಲ್ಲಿಗೆ ಜೋತುಬಿದ್ದಿದ್ರೆ ಏನೋ ಮಾಡ್ತೀಯ? ಚುಚ್ಚಿದ್ರೆ ಸೋಂಕು ಸೀದಾ ಮಿದುಳಿಗೆ. ಚೀಲ ಕಂಡ್ರೆ ಚುಚ್ಚೋದಲ್ಲ, ಮೊದಲು ಪಟ ತೆಗಿ."

ಎಂ.ಆರ್.ಐ.ಗೆ ಬೆಂಗಳೂರಿಗೆ ಕಳಿಸಿದೆವು. ಪಟ ಬಂತು. ಚೀಲಕ್ಕೂ ಬೆನ್ನುಹುರಿಗೂ ಸಂಬಂಧವಿಲ್ಲ. ಸಾಕಷ್ಟು ಕೆಳಗೇ ಇತ್ತು, ಆದ್ದರಿಂದ ಹೊಟ್ಟೆ ತೆರೆಯದೆ ಹಿಂದಿನಿಂದಲೇ ತೆಗೆಯಬಹುದು. ಆದರೆ ನಾನು ಮೂರು ಸಲ ಕೊಯ್ದ ಕಡೆ ಚೀಲ ಗುದನಾಳಕ್ಕೆ ಅಂಟಿಕೊಂಡಂತೆ ಕಾಣುತ್ತಿತ್ತು. ಮಲಮೂತ್ರದ ಹಿಡಿತ ಕೊಡುವ ನರಗಳೂ ಅಲ್ಲೇ ಓಡಾಡಿಕೊಂಡಿರುತ್ತವೆ.

ಗಂಡ ಹೆಂಡತಿಯನ್ನು ಕೂರಿಸಿಕೊಂಡು, ಅಂದರೆ ಗಂಡನನ್ನು ಕೂರಿಸಿ, ಹೆಂಡತಿ ನಿಂತಿದ್ದಂತೆಯೇ, ಎಲ್ಲ ಹೇಳಿದೆ. ಬೆರಳು ಹಾಕದೆಯೇ ನಾರ್ಮಲ್ ಎಂದು ಶೀಟಿನಲ್ಲಿ ಮುದ್ರೆ ಬಿದ್ದದ್ದನ್ನೂ ಹೇಳಿದೆ. ನನ್ನ ಕೊಯ್ತದಿಂದಲೇ ಕೆಲಸ ಕಷ್ಟವಾಗಿದೆ ಎಂದೂ ಹೇಳಿದೆ.

ನಂಜುಂಡಪ್ಪ ಹೆಂಡತಿಯ ಮುಖ ನೋಡಿ, "ಏಂ ಚೇಸೇದಿ? ಏನ್ ಮಾಡೋದೀಗ? ಬೆಂಗಳೂರಿಗೇ ಹೋಗಣ ಕಣೇ," ಎಂದರು. ಗಾಬರಿಯಾದಾಗ ಅವರಿಗೆ ತೆಲುಗು ಮೊದಲು ಬರುತ್ತಿತ್ತು.

ಮುನಿರತ್ನಮ್ಮ ನನ್ನನ್ನು ಕೇಳಿದ್ದು ಒಂದೇ: "ಇದಾದ್ಮೇಲೆ ಒಂದಕ್ಕೆ ಎರಡಕ್ಕೆ ನಾನೇ ಹೋಗ್ತೀನಾ, ಇಲ್ಲಾ ಬಟ್ಟೇಲೇ ಆಗ್ಬಿಡತ್ತಾ? ಅದು ಹೇಳಿ. ನಾನು ಚರಕದ ಮುಂದೆ ಹತ್ತು ಜನರ ಮಧ್ಯೆ ಕೂತ್ಕೊಳ್ಳೋಳು."

"ಆಗಬಾರ್ದು ಅಂತಾನೇ ಮಾಡ್ತೀವಿ. ಆಗೋದೇ ಇಲ್ಲ ಅಂತ ಹೇಳೋಕಾಗಲ್ಲಮ್ಮ. ಬೆಂಗಳೂರಿಗೆ ಬರೆದುಕೊಡ್ತೀನಿ, ಅಲ್ಲಿ ನನಗಿಂತ ಹೆಚ್ಚು ಮಾಡಿದೋರು ಇದಾರೆ."

ಮುನಿರತ್ನಮ್ಮ ಗಂಡನ ಕಡೆ ನೋಡದೆ ನನ್ನ ಕಡೆ ತಿರುಗಿದರು. "ಮೊದ್ಲನೇ ಸಲ ನಿಜ ಹೇಳ್ತಿದೀರ," ಅಂದರು. "ನೀವ್ ಹಾಕಿದ್ ಗಂಟು, ನೀವೇ ಬಿಚ್ಚಿ. ಆದ್ರೆ ದೊಡ್ಡ ಡಾಕ್ಟ್ರು ಪಕ್ಕದಲ್ಲೇ ನಿಂತಿರ್ಬೇಕು."

ದೊಡ್ಡ ಡಾಕ್ಟರಿಗೆ ಇಂಥವು ನಾಲ್ಕಾರು ಮಾಡಿದ ಅನುಭವ ಇತ್ತು, ನಾನು ತರಬೇತಿಯಲ್ಲಿ ಮೂರಕ್ಕೆ ಕೈಜೋಡಿಸಿದ್ದೆ. ಆಪರೇಷನ್ ದಿನ ಅವರು ತಮ್ಮ ಸ್ಟೂಲಿನ ಮೇಲೆ ನಿಂತರು. ಮುನಿರತ್ನಮ್ಮನನ್ನು ಬೋರಲು ಮಲಗಿಸಿ, ಸೊಂಟ ಎತ್ತರಿಸಿ, ಬಾಲದ ಮೂಳೆಯ ಮೇಲೆ ಕೊಯ್ದು, ಆ ಮೂಳೆಯ ಚೂರನ್ನು ತೆಗೆದೆವು. ಚೀಲದ ಬೆನ್ನು ಕಂಡಿತು, ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು. ಇಲ್ಲಿ ಒಂದು ಹಳೆಯ ಉಪಾಯವಿದೆ. ಸರ್ಜನ್ ಎಡಗೈಗೆ ಎರಡು ಗ್ಲೌಸು ಹಾಕಿ, ಬೆರಳನ್ನು ಗುದನಾಳದಲ್ಲಿಟ್ಟು, ಒಳಗಿನಿಂದ ಚೀಲವನ್ನು ಮೇಲಕ್ಕೆ ಒತ್ತಿ ಹಿಡಿಯಬೇಕು. ಆಗ ಗುದನಾಳದ ಗೋಡೆ ಎಲ್ಲಿ ಮುಗಿಯಿತು, ಚೀಲ ಎಲ್ಲಿ ಶುರುವಾಯಿತು ಎಂದು ಬೆರಳಿಗೇ ತಿಳಿಯುತ್ತದೆ.

"ಈ ಸಲ ಮುದ್ರೆ ಒತ್ತಿ ಪಾರಾಗೋಕಾಗಲ್ಲ ಕಣಯ್ಯಾ," ಎಂದರು ದೊಡ್ಡ ಡಾಕ್ಟರು ಮೇಲಿನಿಂದ. "ಬೆರಳು ತೆಗೀಬೇಡ. ಎರಡು ವರ್ಷದ ಬಾಕಿ ಇವತ್ತೇ ತೀರಿಸು."

ಅಂಟಿದ್ದ ಜಾಗ ಬಂತು. ನನ್ನದೇ ಹಳೆಯ ಗಾಯದ ಕಲೆ, ಒಣಗಿದ ಚರ್ಮದ ಹಾಗೆ ಗಟ್ಟಿ. ಕತ್ತರಿ ಇಡಲು ಹೋದಾಗ ಚೀಲದ ಗೋಡೆ ಒಂದು ಕಡೆ ಗುಳ್ಳೆಯಂತೆ ಉಬ್ಬಿತು. ಒಡೆದರೆ ಒಳಗಿನದೆಲ್ಲ ಚೆಲ್ಲಿ ಮತ್ತೆ ಬೆಳೆಯುತ್ತದೆ. ಆತುರಪಟ್ಟು ಈಚೆ ಕೊಯ್ದರೆ ಗುದನಾಳ ತೂತು. ಕೈ ನಿಂತುಹೋಯಿತು. ಹತ್ತು ಜನರ ಮಧ್ಯೆ ಕೂತ್ಕೊಳ್ಳೋಳು ಎಂದ ಮಾತು ಕಿವಿಯಲ್ಲೇ ಇತ್ತು. ನನಗೆ ಭಯವಾಯಿತು, ಹೇಳಲು ನಾಚಿಕೆ ಏನೂ ಇಲ್ಲ. ದೊಡ್ಡ ಡಾಕ್ಟರು ಬೈಯಲಿಲ್ಲ. ಅವರು ಬೈಯದಿದ್ದಾಗ ಇನ್ನೂ ಹೆಚ್ಚು ಭಯವಾಗುತ್ತಿತ್ತು. "ಬೆರಳು ಏನು ಹೇಳತ್ತೆ ಕೇಳು. ಕಣ್ಣಿನ ಮಾತು ಆಮೇಲೆ," ಎಂದರು ಮೆಲ್ಲಗೆ. ಎಡಬೆರಳಿನ ಮೇಲೆ ಗೋಡೆಯನ್ನು ಹರಡಿಕೊಂಡು, ಅಕ್ಕಿಕಾಳಿನಷ್ಟು, ಮತ್ತೆ ಅಕ್ಕಿಕಾಳಿನಷ್ಟು ಬಿಡಿಸಿದೆ. ಆ ಎರಡಂಗುಲಕ್ಕೆ ಒಂದು ಗಂಟೆ ಹಿಡಿಯಿತು. ಕೊನೆಗೆ ಚೀಲ ಒಡೆಯದೆ, ಇಡಿಯಾಗಿ ಸರೋಜಮ್ಮನ ತಟ್ಟೆಗೆ ಬಂತು.

ಹೊರಗೆ ಕೊಯ್ದು ನೋಡಿದರೆ ಒಳಗೆ ಹೆಪ್ಪುಗಟ್ಟಿದ ತುಪ್ಪದಂಥ ಲೋಳೆ. ಸರೋಜಮ್ಮ ಒಂದು ತಿಂಗಳು ತುಪ್ಪ ಮುಟ್ಟಲಿಲ್ಲ. ಲ್ಯಾಬಿನಿಂದ ಕ್ಯಾನ್ಸರ್ ಇಲ್ಲವೆಂದು ಬಂತು. ಆದರೆ ನಮಗೆ ಬೇಕಾಗಿದ್ದ ರಿಪೋರ್ಟು ಲ್ಯಾಬು ಕೊಡುವಂಥದ್ದಲ್ಲ. ಮೂತ್ರದ ನಳಿಕೆ ತೆಗೆದ ಮೇಲೆ ನಾನು ವಾರ್ಡಿನ ಹೊರಗೆ ಸುಮ್ಮಸುಮ್ಮನೆ ಓಡಾಡಿದೆ. ನಂಜುಂಡಪ್ಪ ಬಚ್ಚಲಿನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. ಮೊದಲನೆಯದು ಅವತ್ತೇ ಸಲೀಸಾಗಿ ಆಯಿತು. ಎರಡನೆಯದಕ್ಕೆ ಮೂರು ದಿನ ಕಾದೆವು. ನಾಲ್ಕನೆಯ ದಿನ ಬೆಳಗ್ಗೆ ಒಳಗಿನಿಂದ ಇಡೀ ವಾರ್ಡಿಗೆ ಕೇಳುವಂತೆ ಕೂಗು ಬಂತು:

"ಡಾಕ್ಟ್ರೇ! ಆಯ್ತೂ! ನಾನ್ ಹೇಳ್ದಾಗ ನಿಲ್ತು, ನಾನ್ ಹೇಳ್ದಾಗ ಬಂತು!"

ಪಕ್ಕದ ಮಂಚದ ಅಜ್ಜಿ ಚಪ್ಪಾಳೆ ತಟ್ಟಿದರು. ನಂಜುಂಡಪ್ಪ ಹೊರಗೆ ಹೋಗಿ ಮೈಸೂರು ಪಾಕು ತಂದು ಹಂಚಿದರು, ಯಾಕೆಂದು ಕೇಳಿದವರಿಗೆಲ್ಲ ಕಾರಣವನ್ನೂ ಹೇಳಿದರು. ನಾನು ಎರಡು ತಿಂದೆ. ಅಷ್ಟು ರುಚಿಯಾದ ಮೈಸೂರು ಪಾಕು ಮತ್ತೆಲ್ಲೂ ತಿಂದಿಲ್ಲ.

ಅಲ್ಲಿಂದ ಮುಂದೆ ನಾನು ಬೆರಳು ಹಾಕದೆ ಯಾರನ್ನೂ ಬಿಡಲಿಲ್ಲ. ನನ್ನ ಬೆನ್ನ ಹಿಂದೆ ಜನ ಏನೇನೋ ಹೆಸರಿಟ್ಟರು, ಬರೆಯುವಂಥದ್ದು ಒಂದೂ ಇಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಏನೂ ಸಿಗುವುದಿಲ್ಲ. ಅಂಬಾಜಿದುರ್ಗದ ಕೆಳಗಿನ ಹಳ್ಳಿಯ ಒಬ್ಬ ಹಿರಿಯರು ಕೂತರೆ ನೋವು ಎಂದು ಊರೂರು ಸುತ್ತಿ, ನಾಲ್ಕು ಜನರಿಂದ ನಾಲ್ಕು ಸೊಂಟದ ಬೆಲ್ಟು ಕಟ್ಟಿಸಿಕೊಂಡು ಬಂದಿದ್ದರು. ಬೆರಳಿಗೆ ಸಿಕ್ಕದ್ದು ಮೂಳೆಯಿಂದಲೇ ಎದ್ದ ಕಲ್ಲಿನಂಥ ಗಡ್ಡೆ, ಕ್ಯಾನ್ಸರ್. ಅದು ನಮ್ಮ ಕೈಯ ಕೆಲಸವಲ್ಲ ಎಂದು ಬೆಂಗಳೂರಿಗೆ ಕಳಿಸಿದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ಕಸುಬೇ. ಅವರು ಇನ್ನೂ ಕೆಲವು ವರ್ಷ ಇದ್ದರು. ಉಳಿದ ಮೂರು ಬೆಲ್ಟನ್ನು ನೆಂಟರಿಗೆ ಹಂಚಿದರಂತೆ.

ಈಗ ಎಲ್ಲ ಬದಲಾಗಿದೆ. ಕ್ಯಾಮೆರಾ ಬಿಟ್ಟು ತೆಗೆಯುತ್ತಾರೆ, ದೊಡ್ಡ ಊರುಗಳಲ್ಲಿ ರೋಬೋಟು ತೆಗೆಯುತ್ತದೆ. ಗೌರಿಬಿದನೂರಿನಿಂದ ಹುಡುಗರು ವಾಟ್ಸಾಪಿನಲ್ಲಿ ಪಟ ಕಳಿಸಿ "ಸರ್, ಒಪೀನಿಯನ್ ಪ್ಲೀಸ್" ಅನ್ನುತ್ತಾರೆ. "ಬೆರಳು ಏನು ಹೇಳ್ತು?" ಎಂದು ಬರೆಯುತ್ತೇನೆ. ನೀಲಿ ಟಿಕ್ಕು ಬೀಳುತ್ತದೆ, ಉತ್ತರ ಮಾತ್ರ ಮಧ್ಯಾಹ್ನದ ಮೇಲೆ ಬರುತ್ತದೆ.

ಇಂಥ ಗಡ್ಡೆ ಮತ್ತೆ ಬೆಳೆಯಬಹುದು, ಆದ್ದರಿಂದ ವರ್ಷಕ್ಕೊಮ್ಮೆ ನೋಡಬೇಕು. ಮುನಿರತ್ನಮ್ಮ ಒಂದು ವರ್ಷವೂ ತಪ್ಪಿಸಲಿಲ್ಲ. ನನ್ನ ಕೊನೆಯ ವಾರದಲ್ಲಿ ಅವರು ಬಂದಾಗ, ನನ್ನ ಜಾಗಕ್ಕೆ ಬಂದಿದ್ದ ಡಾಕ್ಟರ್ ಹರ್ಷಿತಾ ಎಂಬ ಹುಡುಗಿಗೆ ಅವರ ಕಡತ ಒಪ್ಪಿಸಿದೆ. ದೊಡ್ಡ ಡಾಕ್ಟರು ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಸ್ಟೂಲು ಮಾತ್ರ ಇನ್ನೂ ಇತ್ತು, ಮುನಿರತ್ನಮ್ಮ ಅದರ ಮೇಲೆ ಗಟ್ಟಿಯಾಗಿ ಕೂತಿದ್ದರು. ಹರ್ಷಿತಾ ಚೆನ್ನಾಗಿ ಮಾತಾಡಿಸಿದಳು, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಸಾಲುಗಳು ತಾವಾಗಿಯೇ ತುಂಬಿಕೊಂಡವು, ಪ್ರತಿ ಸಾಲಿನ ಕೊನೆಗೂ ಅದೇ ಪದ. ನನ್ನ ಮುದ್ರೆ ಇಂಕಿಲ್ಲದೆ ಮತ್ತೆ ಹುಟ್ಟಿಬಂದಿತ್ತು.

"ಏನೋ ಬರೆದ್ರಲ್ಲಮ್ಮಾ, ಏನದು?" ಎಂದರು ಮುನಿರತ್ನಮ್ಮ.

"ಎಲ್ಲಾ ನಾರ್ಮಲ್ ಅಂತ ಆಂಟಿ. ಖುಷಿಯಾಗಿ ಹೋಗ್ಬನ್ನಿ."

ಮುನಿರತ್ನಮ್ಮ ನನ್ನ ಕಡೆ ನೋಡಿದರು. ನಾನು ಫ್ಯಾನು ನೋಡಿದೆ. ಅವರು ಎದ್ದು, ಯಾರೂ ಹೇಳದೆಯೇ ಪರೀಕ್ಷೆಯ ಮಂಚ ಹತ್ತಿ, ಎಡಮಗ್ಗುಲಿಗೆ ಹೊರಳಿ, ಮೊಣಕಾಲು ಮಡಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಹೇಳಿದರು: "ಅಡೀಗೆ ಕೈ ಹಾಕಿ ನೋಡ್ಬಿಟ್ಟು ಬರೀರಮ್ಮ. ಈ ಸಾರನ್ನೇ ಕೇಳಿ, ನೋಡ್ದಿದ್ರೆ ನಂಗೆ ಗೊತ್ತಾಗತ್ತೆ."

ಹರ್ಷಿತಾಳ ಮುಖ ಕೆಂಪಾಯಿತು. ಆ ಬಣ್ಣ ನನಗೆ ಚೆನ್ನಾಗಿ ಗೊತ್ತು. ನರ್ಸನ್ನು ಕರೆದು, ಗ್ಲೌಸು ಹಾಕಿಕೊಂಡು ಪರದೆಯ ಹಿಂದೆ ಹೋದಳು. ನಾನು ಈಚೆ ನಿಂತಿದ್ದೆ. ಅರ್ಧ ನಿಮಿಷದ ಕೆಲಸ ಒಂದು ನಿಮಿಷವಾಯಿತು, ಎರಡಾಯಿತು. "ಸರ್..." ಎಂದಳು. ಇಷ್ಟು ವರ್ಷದ ಮೇಲೆ ಮತ್ತೆ ಬೆಳೆದಿದೆಯೇ? ಹೋದ ವರ್ಷ ನನ್ನ ಬೆರಳಿಗೆ ತಪ್ಪಿಹೋಯಿತೇ?

"ಸರ್, ಎಲ್ಲಾ ಕಡೆ ನೋಡಿದೆ. ಏನೂ ಇಲ್ಲ. ನಿಜವಾಗ್ಲೂ ಏನೂ ಇಲ್ಲ."

ಕೈ ತೊಳೆದುಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತಳು. ಅಲ್ಲಿದ್ದ "ನಾರ್ಮಲ್" ಎಂಬುದನ್ನು ಅಳಿಸಿದಳು. ಆಮೇಲೆ ಅದೇ ಪದವನ್ನು ಒಂದೊಂದೇ ಅಕ್ಷರ ಒತ್ತಿ ಮತ್ತೆ ಬರೆದಳು. ಅವಳು ಬರೆದು ಮುಗಿಸುವವರೆಗೂ ಮುನಿರತ್ನಮ್ಮ ಸೆರಗು ಸರಿಮಾಡಿಕೊಂಡು ಆ ಮರದ ಸ್ಟೂಲಿನ ಮೇಲೆ ಕೂತಿದ್ದರು.